ಆವಕದ ದಿನ, ಜಾವಕದ ದಿನ

ಮಾಹಿತಿ ಹಕ್ಕು ಕಾಯ್ದೆಗೆ ನಮ್ಮಲ್ಲಿ ಒಂದು ಅಡ್ಡಹೆಸರಿದೆ: ಮೂವತ್ತು ದಿನ. ಪೀಣ್ಯದ ಟೀ ಅಂಗಡಿಯಲ್ಲಿ ಕೇಳಿ, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಕೇಳಿ, ಕಲಮಿನ ಸಂಖ್ಯೆ ನೆನಪಿಲ್ಲದವರಿಗೂ ಮೂವತ್ತು ದಿನ ನೆನಪಿರುತ್ತದೆ. 2005ರ ಈ ಕಾಯ್ದೆಗೆ ಸಂದ ಹೊಗಳಿಕೆಯಲ್ಲಿ ದೊಡ್ಡ ಪಾಲು ಆ ಒಂದು ಅಂಕಿಯದು. ಆ ಪಾಲು ಅತಿಯಾಯಿತು ಎಂಬುದು ನನ್ನ ತಕರಾರು. ಮೂವತ್ತು ದಿನ ಹೆಚ್ಚೋ ಕಡಿಮೆಯೋ ಎಂಬ ಚರ್ಚೆ ನನಗೆ ಬೇಕಿಲ್ಲ. ಕಾಯ್ದೆ ಕೊಟ್ಟಿರುವುದು ಒಂದು ಲೆಕ್ಕವನ್ನು. ಅದನ್ನು ಬಿಡಿಸುವ ಕೆಲಸ ಮಾತ್ರ ಅರ್ಜಿದಾರನ ತಲೆಗೆ ಬಿದ್ದಿದೆ.

ಜೀವ ಮತ್ತು ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ, ಸಹಾಯಕ ಮಾಹಿತಿ ಅಧಿಕಾರಿಯ ಕೈಗೆ ಅರ್ಜಿ ಕೊಟ್ಟರೆ ಇನ್ನೈದು ದಿನ, ತಪ್ಪಿದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ: ಇವು ಓದುಗರಿಗೆ ಗೊತ್ತಿರುವ ಸಂಗತಿಗಳೇ. ನನಗೆ ಜಗ್ಗಾಡಬೇಕಿರುವುದು 7ನೇ ಕಲಮಿನ 3ನೇ ಉಪಕಲಮಿನ ಜೊತೆ. ಪ್ರತಿಗಳಿಗೆ ಇಷ್ಟು ಹಣ ಕಟ್ಟಿ ಎಂದು ಅಧಿಕಾರಿ ಪತ್ರ ಬರೆದಾಗ, ಆ ಪತ್ರ ರವಾನೆಯಾದಲ್ಲಿಂದ ಹಣ ಸಂದಾಯವಾಗುವವರೆಗಿನ ಅವಧಿಯನ್ನು ಮೂವತ್ತರಿಂದ ಬಿಟ್ಟು ಎಣಿಸಬೇಕು ಎನ್ನುತ್ತದೆ ಅದು. ಸಾಧುವಾಗಿ ಕಾಣುವ ಮಾತು.

ಕಚೇರಿಯ ಮೇಜಿನ ಮೇಲೆ ಎರಡು ವಹಿಗಳಿರುತ್ತವೆ, ಆವಕ ಮತ್ತು ಜಾವಕ. ಮೂವತ್ತು ದಿನದ ಗಡಿಯಾರ ಓಡತೊಡಗುವುದು ಆವಕದಿಂದ, ಅಂದರೆ ಅರ್ಜಿ ಕಚೇರಿಯನ್ನು ತಲುಪಿದ ದಿನದಿಂದ. ತೀರ್ಮಾನದ ವಿರುದ್ಧ ಮೇಲ್ಮನವಿಗೆ ಹೋಗುವಾಗಲೂ ಅದು ನಮ್ಮ ಕೈಸೇರಿದ ದಿನವೇ ಲೆಕ್ಕಕ್ಕೆ. ಮೂರನೆಯ ಪಕ್ಷದವರಿಗೆ ನೋಟಿಸು ಹೋದರೆ ಅವರ ಹತ್ತು ದಿನವೂ ನೋಟಿಸು ತಲುಪಿದ ಮೇಲೇ. ಶುಲ್ಕದ ಪತ್ರ ಬಂದಾಗ ಮಾತ್ರ ಕಾನೂನು ಜಾವಕದ ವಹಿ ತೆರೆಯುತ್ತದೆ. ಪತ್ರ ಟಪಾಲಿನ ಚೀಲದಲ್ಲಿ ಮಲಗಿದ ದಿನಗಳನ್ನೆಲ್ಲ ಅರ್ಜಿದಾರನ ಖಾತೆಗೆ ಬರೆಯುತ್ತದೆ.

2025ರ ಕ್ಯಾಲೆಂಡರು ತೆಗೆಯೋಣ. ಅರ್ಜಿ ಊಹೆಯದು, ರಜೆಗಳು ನಿಜವಾದವು. ಮಾರ್ಚ್ 3ರ ಸೋಮವಾರ ಅರ್ಜಿ ಆವಕವಾಯಿತು. ಮೊದಲ ದಿನ ಬಿಟ್ಟು ಎಣಿಸಿದರೆ ಮೂವತ್ತನೆಯ ದಿನ ಏಪ್ರಿಲ್ 2. ಕಚೇರಿ ಮಾರ್ಚ್ 29ರ ಶನಿವಾರ ಎಚ್ಚೆತ್ತು, ಪುಟಕ್ಕೆ ಎರಡು ರೂಪಾಯಿಯಂತೆ ನಲವತ್ತು ಪುಟಕ್ಕೆ ಎಂಬತ್ತು ರೂಪಾಯಿ ಕಟ್ಟಿ ಎಂದು ಪತ್ರ ಹೊರಡಿಸಿತು. ಅಲ್ಲಿಗೆ ಇಪ್ಪತ್ತಾರು ದಿನ ಕಳೆದವು. ಮರುದಿನ ಯುಗಾದಿ, ಅದರ ಮರುದಿನ ರಂಜಾನ್. ಪತ್ರ ಕೈಸೇರಿದ್ದು ಏಪ್ರಿಲ್ 4ಕ್ಕೆ, ಹಣ ಕಟ್ಟಿದ್ದು 8ಕ್ಕೆ. ಇನ್ನುಳಿದದ್ದು ನಾಲ್ಕೇ ದಿನ, ಅಂದರೆ ಏಪ್ರಿಲ್ 12. ಅದು ಎರಡನೇ ಶನಿವಾರ. 13 ಭಾನುವಾರ. 14 ಅಂಬೇಡ್ಕರ್ ಜಯಂತಿ. ಕಡೆಯ ದಿನ ಕಚೇರಿ ಮುಚ್ಚಿದ್ದರೆ ಮುಂದಿನ ಕೆಲಸದ ದಿನ ಎಂಬ 1897ರ ಜನರಲ್ ಕ್ಲಾಸಸ್ ಕಾಯ್ದೆಯ ಉದಾರ ಓದನ್ನು ಕಚೇರಿಗೇ ಬಿಟ್ಟುಕೊಟ್ಟರೂ ಗಡುವು ಏಪ್ರಿಲ್ 15, ಮಂಗಳವಾರ.

ಈಗ ಕೌಂಟರಿಗೆ ಹೋಗಿ ಕೇಳಿ. ಯಾವ ಕಚೇರಿಯೆಂದು ಹೇಳುವುದಿಲ್ಲ, ನನಗೆ ಸಿಕ್ಕ ಉತ್ತರ ಮಾತ್ರ ಹೇಳುತ್ತೇನೆ: ದುಡ್ಡು ಕಟ್ಟಿದ ದಿನದಿಂದ ಮೂವತ್ತು ದಿನ ಸಾರ್. ಈ ಲೆಕ್ಕದಲ್ಲಿ ಮೇಲಿನ ಅರ್ಜಿಯ ಗಡುವು ಮೇ 8! ಗಡಿಯಾರವನ್ನು ನಿಲ್ಲಿಸು ಎಂದಿದೆ ಕಾನೂನು, ಮುಳ್ಳನ್ನು ಹಿಂದಕ್ಕೆ ತಿರುಗಿಸು ಎಂದಿಲ್ಲ. ಕೌಂಟರನ್ನು ನಂಬಿ ಕಾದವನ ಪಾಡು ನೋಡಿ. ಉತ್ತರ ಬಾರದಿದ್ದರೆ ಅದು ನಿರಾಕರಣೆಯೆಂದೇ ಭಾವಿಸಿ, ಗಡುವು ತೀರಿದ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಏಪ್ರಿಲ್ 15ರಿಂದ ಎಣಿಸಿದರೆ ಅದು ಮೇ 15. ಮೇ 8ರ ಸಂಜೆ ಅವನಿಗೆ ಉಳಿದಿರುವುದು ಏಳು ದಿನ. ಮೇಲ್ಮನವಿಯ ಅಧಿಕಾರಿ ಎರಡನೇ ಶನಿವಾರದ ರಿಯಾಯಿತಿ ಒಪ್ಪದೆ 12ರಿಂದಲೇ ಎಣಿಸಿದರೆ ನಾಲ್ಕು. ಸಕಾರಣವಿದ್ದರೆ ತಡವನ್ನು ಮನ್ನಿಸಲು ಅವಕಾಶವಿದೆ, ನಿಜ. ಆದರೆ ತಪ್ಪು ಲೆಕ್ಕ ಹೇಳಿದವರು ಒಬ್ಬರು, ಕ್ಷಮೆ ಕೇಳಬೇಕಾದವನು ಇನ್ನೊಬ್ಬ. ಗಡುವು ಮೀರಿದರೆ ಮಾಹಿತಿ ಪುಕ್ಕಟೆ ಎಂದು ಅದೇ 7ನೇ ಕಲಮಿನ 6ನೇ ಉಪಕಲಮು ಹೇಳುತ್ತದೆ. ಕಟ್ಟಿದ ಎಂಬತ್ತು ರೂಪಾಯಿ ವಾಪಸು ಕೇಳಿದವರನ್ನು ನಾನಂತೂ ಕಂಡಿಲ್ಲ.

ನಮ್ಮ ಕೈಪಿಡಿಕಾರರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಅರ್ಜಿಯ ಮಾದರಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು, ಭ್ರಷ್ಟಾಚಾರದ ಮೇಲೆ ಎರಡು ಪುಟ ಭಾಷಣ. ಗಡುವಿನ ಬಗ್ಗೆ ದಪ್ಪಕ್ಷರದಲ್ಲಿ ಒಂದು ಸಾಲು. ಶುಲ್ಕದ ಪತ್ರದ ಪ್ರಸ್ತಾಪ ಬಂದರೂ ಅಂಥ ದಿನಗಳನ್ನು ಬಿಡಲಾಗುವುದು ಎಂದು ಹೇಳಿ ಪುಟ ತಿರುಗಿಸುತ್ತಾರೆ. ಒಂದಾದರೂ ಕ್ಯಾಲೆಂಡರು ಬಿಡಿಸಿ ತೋರಿಸಬಾರದೆ? ಇನ್ನೊಂದು ಪಂಗಡ, ಸಮಸ್ಯೆ ಇರುವುದು ಲೆಕ್ಕದಲ್ಲಲ್ಲ, ಆಯೋಗದಲ್ಲಿ ರಾಶಿ ಬಿದ್ದ ಕಡತಗಳಲ್ಲಿ ಎನ್ನುತ್ತದೆ. ರಾಶಿಯ ದುಃಖ ನನಗೂ ಇದೆ. ಆದರೆ ಅವಧಿಗೆ ಮುಂಚೆ ಹಾಕಿದ ಮೇಲ್ಮನವಿಯೂ ಅವಧಿ ಮೀರಿ ಹಾಕಿದ್ದೂ ಅದೇ ರಾಶಿಗೆ ತಾನೆ ಸೇರುವುದು? ಮೂರನೆಯ ಪಂಗಡ ಹಳೆಯ ತಲೆಗಳದು: ಕರ್ನಾಟಕದ್ದೇ 2000ದ ಕಾಯ್ದೆ ಇತ್ತಲ್ಲ, ಹದಿನೈದು ಕೆಲಸದ ದಿನ, ಎಷ್ಟು ಚೆನ್ನಾಗಿತ್ತು ಎಂಬ ಹಂಬಲ. ಆ ಹದಿನೈದನ್ನು ದಸರಾ ಮತ್ತು ದೀಪಾವಳಿಯ ನಡುವೆ ಕೂತು ಎಣಿಸಿ ನೋಡಲಿ.

ಕೈಗಾರಿಕಾ ವಲಯದಲ್ಲಿ ಈ ಗಣಿತಕ್ಕೆ ಇನ್ನೊಂದು ಗಂಟಿದೆ. ಪೀಣ್ಯದಲ್ಲಿ ಒಬ್ಬ ಕೇಳುವ ಕಾಗದ ಬಹುಮಟ್ಟಿಗೆ ಸರ್ಕಾರದ ಕಪಾಟಿನಲ್ಲಿರುವ ಖಾಸಗಿ ಕಾರ್ಖಾನೆಯ ಕಾಗದವೇ ಆಗಿರುತ್ತದೆ: ಮಾಲಿನ್ಯ ಮಂಡಳಿಗೆ ಕೊಟ್ಟ ತ್ಯಾಜ್ಯದ ವಿವರ, ಕೆಐಎಡಿಬಿ ನಿವೇಶನದ ಷರತ್ತು. ಕಾರ್ಖಾನೆ ಅದನ್ನು ಗೋಪ್ಯವೆಂದು ಕೊಟ್ಟಿದ್ದರೆ 11ನೇ ಕಲಮು ಎದ್ದು ನಿಂತು ಮೂವತ್ತು ನಲವತ್ತಾಗುತ್ತದೆ. ಅಡ್ಡಹೆಸರು ಮಾತ್ರ ಮೂವತ್ತೇ.

ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಇದೇ ಲೆಕ್ಕವನ್ನು ಬೇರೆಯವರಿಗಾಗಿ ಮಾಡುವ ಹುಡುಗ ಹುಡುಗಿಯರಿದ್ದಾರೆ. ಜರ್ಮನಿಯಲ್ಲೋ ನೆದರ್ಲೆಂಡಿನಲ್ಲೋ ಯಾರೋ ತನ್ನ ದತ್ತಾಂಶ ಕೊಡಿ ಎಂದು ಕಂಪನಿಗೆ ಬರೆದರೆ ಇಲ್ಲಿ ಟಿಕೆಟ್ ತೆರೆದುಕೊಳ್ಳುತ್ತದೆ. ಯುರೋಪಿನ ಜಿಡಿಪಿಆರ್ ಕೊಡುವುದು ಒಂದು ತಿಂಗಳು, ಜಟಿಲವಾದರೆ ಇನ್ನೆರಡು. ತಿಂಗಳು ಎಂದರೆ ಎಷ್ಟು ದಿನ? ಆಗಸ್ಟ್ 31ಕ್ಕೆ ಬಂದ ಕೋರಿಕೆಗೆ ಸೆಪ್ಟೆಂಬರ್ 30 ಎಂದು ಯುರೋಪಿನ ದತ್ತಾಂಶ ರಕ್ಷಣಾ ಮಂಡಳಿಯ ಮಾರ್ಗಸೂಚಿ ಉದಾಹರಣೆ ಸಮೇತ ಹೇಳುತ್ತದೆ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಮೊದಲು ಕೋರಿಕೆ ಬಂದ ಮರುದಿನದಿಂದ ಎಣಿಸುತ್ತಿತ್ತು. 2019ರಲ್ಲಿ ಬಂದ ದಿನದಿಂದಲೇ ಎಣಿಸಬೇಕೆಂದು ತಿದ್ದಿಕೊಂಡಿತು. ಸೆಪ್ಟೆಂಬರ್ 3ರ ಕೋರಿಕೆಗೆ ಅಕ್ಟೋಬರ್ 4 ಇದ್ದದ್ದು 3 ಆಯಿತು. ಒಂದೇ ಒಂದು ದಿನಕ್ಕಾಗಿ ಇಷ್ಟು ತಲೆ ಕೆಡಿಸಿಕೊಂಡದ್ದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಆ ಟಿಕೆಟ್ ಮುಚ್ಚುವ ಹುಡುಗನಿಗೆ ತನ್ನದೇ ದತ್ತಾಂಶದ ಬಗ್ಗೆ ದೂರಿದ್ದರೆ? 2025ರ ನವೆಂಬರಿನಲ್ಲಿ ಹೊರಬಿದ್ದ ನಮ್ಮ ನಿಯಮಗಳು ಕಂಪನಿಗೆ 90 ದಿನಗಳ ಮಿತಿ ಹಾಕಿವೆ, ಆ ಭಾಗ ಜಾರಿಗೆ ಬರಲು ಹದಿನೆಂಟು ತಿಂಗಳ ಬಿಡುವನ್ನೂ ಕೊಟ್ಟಿವೆ.

ಹೊಗಳಲು ಯುರೋಪಿಗೇ ಹೋಗಬೇಕಾಗಿಲ್ಲ. ಯಾರೂ ವಿಮರ್ಶೆಗೆ ಎತ್ತಿಕೊಳ್ಳದ ಒಂದು ಕೃತಿ ನಮ್ಮ ನಾಡಕಚೇರಿಯ ಪ್ರಿಂಟರಿನಿಂದಲೇ ಹೊರಬರುತ್ತದೆ: ಸಕಾಲದ ಸ್ವೀಕೃತಿ ಚೀಟಿ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದ ತುಂಬ. ಹದಿನೈದು ಅಂಕಿಯ ಜಿಎಸ್‌ಸಿ ಸಂಖ್ಯೆ, ಜೊತೆಗೆ ಸೇವೆ ಸಿಗಬೇಕಾದ ದಿನಾಂಕ. ಇಷ್ಟೇ ಅದರ ಸಾಹಿತ್ಯ. ಅಲ್ಲೂ ಎಣಿಸುವುದು ಕೆಲಸದ ದಿನಗಳನ್ನೇ. ಹಳೆಯ ತಲೆಗಳನ್ನು ಗೇಲಿ ಮಾಡಿದವನು ಇದನ್ನು ಮೆಚ್ಚುವುದು ಹೇಗೆ ಎಂದು ಕೇಳಬಹುದು. ಎಣಿಸುವ ಕೈ ಬೇರೆ. ರಜೆಗಳನ್ನು ಕಳೆದು, ಉತ್ತರ ಬರೆದು ಕೊಡುವುದು ಕಚೇರಿ. ಅದು ತಪ್ಪಿದರೆ ಅದರದೇ ಚೀಟಿ ಸಾಕ್ಷಿ. ತಡಕ್ಕೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ಎಂಬುದು ನಗೆಪಾಟಲಿನ ಪರಿಹಾರ ಎಂದು ಒಪ್ಪುತ್ತೇನೆ. ಅಧಿಸೂಚಿತ ಸೇವೆಗಳಾಚೆ ಅದರ ಕೈ ಚಾಚುವುದಿಲ್ಲ ಎಂಬುದನ್ನೂ. ಆದರೂ ಗಡುವು ಬರೆಯುವ ಕಲೆಯಲ್ಲಿ ಆ ಚೀಟಿಯ ಒಂದು ಸಾಲಿಗೆ 7ನೇ ಕಲಮು ಇಡಿಯಾಗಿ ಸಮನಲ್ಲ.

ಮಾಹಿತಿ ಹಕ್ಕಿನ ಅರ್ಜಿಗೂ ಅಂಥದೊಂದು ಚೀಟಿ ಸಿಗುವವರೆಗೆ ನಾನು ಅರ್ಜಿಯ ಕೊನೆಗೆ ನನ್ನ ಲೆಕ್ಕದ ಗಡುವನ್ನು ನಾನೇ ಬರೆದು, ಅದರ ಪಕ್ಕದಲ್ಲೇ ಆವಕದ ಸೀಲು ಹಾಕಿಸಿಕೊಳ್ಳುತ್ತೇನೆ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರುವಂತಿಲ್ಲ. ಆ ಸಾಲಿಗೆ ಆರು ಪದ ಹೋಗುತ್ತದೆ. ಕಳೆದ ಸಲ ಅದಕ್ಕಾಗಿ ‘ದಯವಿಟ್ಟು’ ಮತ್ತು ‘ತಮ್ಮ ವಿಶ್ವಾಸಿ’ ಎರಡನ್ನೂ ಹೊಡೆದು ಹಾಕಬೇಕಾಯಿತು.