ಚೋಮ ಅಂದರೆ ಸೋಮವಾರ

ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗಳಲ್ಲಿ ಮಕ್ಕಳಿಗೆ ಇಡುವ ಹೆಸರುಗಳ ಪುಸ್ತಕಗಳು ಸಿಗುತ್ತವೆ. ಎಡಕ್ಕೆ ಹೆಸರು, ಬಲಕ್ಕೆ ಅರ್ಥ. ಬಹುಪಾಲು ಸಂಸ್ಕೃತದವು. ಅರ್ಥಗಳೂ ಹಾಗೇ: ಸೂರ್ಯ, ಚಂದ್ರ, ವಿಷ್ಣು, ಲಕ್ಷ್ಮಿ, ಐಶ್ವರ್ಯ. ಐತ, ತುಕ್ರ, ತಿಪ್ಪ, ಕರಿಯ ಎಂಬ ಹೆಸರುಗಳನ್ನು ಅಲ್ಲಿ ಹುಡುಕುವುದು ದಂಡ. ಹಾಗಾದರೆ ನಮ್ಮ ಅಪ್ಪ ಅಜ್ಜಂದಿರ ಹೆಸರುಗಳಿಗೆ ಅರ್ಥವೇ ಇರಲಿಲ್ಲವೆ? ಅರ್ಥ ಇರುವುದು ಕೋಶದಲ್ಲೋ, ಕರೆಯುವವರ ಬಾಯಲ್ಲೋ? ಈ ಪ್ರಶ್ನೆಯನ್ನು ನಾವು ಎತ್ತಲೇಬೇಕಾಗಿದೆ.

ಎಲ್ಲರಿಗೂ ಗೊತ್ತಿರುವ ಒಂದು ಹೆಸರನ್ನೇ ತೆಗೆದುಕೊಳ್ಳೋಣ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. 1975ರಲ್ಲಿ ಸಿನಿಮಾ ಆಯಿತು. ಓದದವರಿಗೂ ಚೋಮ ಗೊತ್ತು. ಆದರೆ ಚೋಮ ಅಂದರೇನು ಎಂದು ನಮ್ಮ ತರಗತಿಗಳಲ್ಲಿ ಯಾರೂ ಕೇಳಿದಂತಿಲ್ಲ. ಚೋಮ ಅಂದರೆ ಸೋಮವಾರ ಹುಟ್ಟಿದವನು. ತುಳುವಿನ ಆಡುನುಡಿಗಳಲ್ಲಿ ಸಕಾರ ಒಂದು ಕಡೆ ತಕಾರವಾಗುತ್ತದೆ, ಇನ್ನೊಂದು ಕಡೆ ಚಕಾರವಾಗುತ್ತದೆ. ಸೋಮನೇ ತೋಮ, ಸೋಮನೇ ಚೋಮ. ಭಾನುವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ ಅಥವಾ ಚನಿಯ. ಚೋಮನ ಮಕ್ಕಳಲ್ಲೇ ಒಬ್ಬ ಚನಿಯ, ಒಬ್ಬ ಗುರುವ. ತುಳುನಾಡಿನ ಕೇರಿಗಳಲ್ಲಿ ತಲೆತಲಾಂತರದಿಂದ ಬಂದ ಹೆಸರಿಡುವ ಪದ್ಧತಿಯಿದು.

ಅಗ್ರಹಾರದ ಮಗುವಿಗೆ ಪಂಚಾಂಗ ತೆರೆದು, ನಕ್ಷತ್ರ ಪಾದ ನೋಡಿ ಹೆಸರಿಡಲು ಪುರೋಹಿತ ಬರುತ್ತಿದ್ದ. ಕೇರಿಗೆ ಅವನು ಬರಲಿಲ್ಲ. ಆದರೂ ಕೇರಿಯ ತಾಯಿ ತನ್ನ ಕೂಸು ಹುಟ್ಟಿದ ದಿನವನ್ನು ಮರೆಯಲಿಲ್ಲ. ಅದನ್ನೇ ಹೆಸರು ಮಾಡಿದಳು. ಜಾತಕ ಬರೆಸಲಾಗದವಳು ಮಗನ ಹೆಸರಿನಲ್ಲೇ ಹುಟ್ಟಿದ ದಿನವನ್ನು ಬರೆದಿಟ್ಟಳು. ಅದರಲ್ಲಿ ಕೀಳು ಎಲ್ಲಿದೆ? ಮೇಲುಜಾತಿಯ ಮನೆಯ ಸೋಮಶೇಖರನಲ್ಲಿ ಇರುವುದೂ ಅದೇ ಸೋಮ, ಅದೇ ಚಂದ್ರ. ಅಲ್ಲಿ ಅವನು ಶಿವನ ತಲೆಯ ಮೇಲೆ ಕೂತಿದ್ದಾನೆ. ಇಲ್ಲಿ ಕಂಬಳಿ ಹೊದ್ದು ಧಣಿಯ ಅಂಗಳದಾಚೆ ನಿಂತಿದ್ದಾನೆ.

ಇದೇ ಪದ್ಧತಿ ಆಫ್ರಿಕಾದ ಘಾನಾ ದೇಶದ ಆಕಾನ್ ಜನರಲ್ಲಿದೆ. ಅಲ್ಲಿ ಭಾನುವಾರ ಹುಟ್ಟಿದ ಗಂಡು ಕ್ವಾಸಿ, ಸೋಮವಾರದವನು ಕೋಜೋ, ಶುಕ್ರವಾರದವನು ಕೋಫಿ, ಶನಿವಾರದವನು ಕ್ವಾಮೆ. ಅಂದರೆ ನಮ್ಮ ಐತ, ನಮ್ಮ ಚೋಮ, ನಮ್ಮ ತುಕ್ರ, ನಮ್ಮ ಚನಿಯ. ಬ್ರಿಟಿಷರನ್ನು ಹೊರಗೆ ಹಾಕಿ 1957ರಲ್ಲಿ ಘಾನಾವನ್ನು ಸ್ವತಂತ್ರಗೊಳಿಸಿದ ನಾಯಕ ಕ್ವಾಮೆ ಎನ್‌ಕ್ರುಮಾ. ಅವರಿಗೆ ಪಾದ್ರಿಗಳು ಕೊಟ್ಟ ಹೆಸರು ಫ್ರಾನ್ಸಿಸ್. ಅದನ್ನು ಬಿಟ್ಟು ಶನಿವಾರದ ಹೆಸರನ್ನೇ ಇಟ್ಟುಕೊಂಡರು. 1997ರಿಂದ 2006ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದವರು ಕೋಫಿ ಅನ್ನಾನ್. ತುಳುವಿನಲ್ಲಿ ಹೇಳುವುದಾದರೆ ಅವರು ತುಕ್ರ. ಆ ನಾಡಿನಲ್ಲಿ ವಾರದ ಹೆಸರು ದೊಡ್ಡವರದೂ ಹೌದು, ಚಿಕ್ಕವರದೂ ಹೌದು. ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಆದರೆ ಇದೇ ಹೆಸರುಗಳು ಹಡಗಿನಲ್ಲಿ ಸರಪಳಿ ಬಿಗಿಸಿಕೊಂಡು ಜಮೈಕಾದ ಕಬ್ಬಿನ ತೋಟಗಳಿಗೂ ಹೋದವು. ಅಲ್ಲಿ ಕ್ವಾಸಿ ಎಂಬುದು ಬಿಳಿಯ ತೋಟದೊಡೆಯರ ಬಾಯಲ್ಲಿ ಕ್ವಾಷಿ ಆಯಿತು. ಕ್ವಾಷಿ ಅಂದರೆ ದಡ್ಡ, ಸೋಮಾರಿ, ಹಲ್ಲು ಕಿರಿಯುವ ಗುಲಾಮ ಎಂಬ ಅರ್ಥ ಹುಟ್ಟಿತು. ಭಾನುವಾರ ಹುಟ್ಟಿದ್ದೇ ತಪ್ಪಾಯಿತು! ಆದರೆ ಅದೇ ಜಮೈಕಾದ ಗುಡ್ಡಗಳಲ್ಲಿ, ತೋಟಗಳಿಂದ ತಪ್ಪಿಸಿಕೊಂಡವರ ಪಡೆ ಕಟ್ಟಿ ಬ್ರಿಟಿಷರ ಸೈನ್ಯವನ್ನು ವರ್ಷಗಟ್ಟಲೆ ಸತಾಯಿಸಿದ ನಾಯಕನ ಹೆಸರು ಕಡ್ಜೋ. ಕೋಜೋ ಎಂಬುದರ ಇನ್ನೊಂದು ರೂಪವಿದು. ಸೋಮವಾರದವನು, ಚೋಮನ ಹೆಸರಿನವನು. 1739ರಲ್ಲಿ ಬ್ರಿಟಿಷರು ಅವನೊಡನೆ ಒಪ್ಪಂದಕ್ಕೆ ಕೂರಬೇಕಾಯಿತು. ಮುಂದೆ ಓಡಿಬರುವ ಗುಲಾಮರನ್ನು ಹಿಡಿದು ಒಪ್ಪಿಸಬೇಕೆಂಬ ಷರತ್ತನ್ನೂ ಆ ಒಪ್ಪಂದದಲ್ಲಿ ತುರುಕಿದರು ಎಂಬ ಕಹಿಯನ್ನು ನಾವು ಮುಚ್ಚಿಡಬೇಕಾಗಿಲ್ಲ. ನಮ್ಮ ಮಾತು ಇಷ್ಟೆ: ವಾರ ಒಂದೇ, ಪದ ಒಂದೇ. ಒಂದು ಕಡೆ ನಾಯಕ, ಒಂದು ಕಡೆ ಬೈಗುಳ. ಪದದ ಹಿಂದೆ ನಿಂತ ಅಧಿಕಾರವೇ ಅರ್ಥವನ್ನು ಕೊಡುತ್ತದೆ.

ಇಂಗ್ಲಿಷಿನಲ್ಲಿ 1719ರಲ್ಲಿ ಬಂದ ‘ರಾಬಿನ್ಸನ್ ಕ್ರೂಸೋ’ ನಮ್ಮ ಶಾಲೆಗಳ ಮಕ್ಕಳಿಗೂ ಗೊತ್ತಿರುವ ಕಥೆ. ದ್ವೀಪದಲ್ಲಿ ಸಿಕ್ಕ ಮನುಷ್ಯನಿಗೆ ಕ್ರೂಸೋ ‘ಫ್ರೈಡೆ’ ಎಂದು ಹೆಸರಿಡುತ್ತಾನೆ. ಶುಕ್ರವಾರ ಸಿಕ್ಕಿದ್ದರಿಂದ ಆ ಹೆಸರು. ಅವನಿಗೆ ಅದಕ್ಕೆ ಮುಂಚೆ ಒಂದು ಹೆಸರಿತ್ತೆ, ಅವನ ತಾಯಿ ಅವನನ್ನು ಏನೆಂದು ಕರೆಯುತ್ತಿದ್ದಳು ಎಂದು ಕ್ರೂಸೋ ಕೇಳುವುದೇ ಇಲ್ಲ. ತನ್ನನ್ನು ಮಾತ್ರ ಒಡೆಯ ಎಂದು ಕರೆಯಲು ಕಲಿಸುತ್ತಾನೆ. ತಾಯಿ ಇಟ್ಟ ತುಕ್ರನಿಗೂ ಒಡೆಯ ಇಟ್ಟ ಫ್ರೈಡೆಗೂ ಇರುವ ಅಂತರ ಇದೇ. ಒಂದು ಹುಟ್ಟನ್ನು ನೆನೆಯುತ್ತದೆ, ಇನ್ನೊಂದು ಸಿಕ್ಕಿಬಿದ್ದ ದಿನವನ್ನು.

ನಮ್ಮ ನೆಲದ ಕ್ರೂಸೋ ಮನು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಹೆಸರಿನ ಕಾನೂನೇ ಇದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದು ಬಲ ತೋರಬೇಕು, ವೈಶ್ಯನದು ಧನ ತೋರಬೇಕು, ಶೂದ್ರನದು ಜುಗುಪ್ಸೆ ಹುಟ್ಟಿಸಬೇಕು. ಹೆಣ್ಣನ್ನೂ ಬಿಟ್ಟಿಲ್ಲ: ನದಿ, ಮರ, ಬೆಟ್ಟ, ನಕ್ಷತ್ರದ ಹೆಸರಿರುವವಳನ್ನು ಮದುವೆಯಾಗಬಾರದು ಎಂದು ಮೂರನೆಯ ಅಧ್ಯಾಯ ಹೇಳುತ್ತದೆ. ಗಂಗೆ, ಕಾವೇರಿ, ರೋಹಿಣಿ ಎಲ್ಲರೂ ಹೊರಗೆ! ಶೂದ್ರನಿಗೇ ಇಷ್ಟಾದರೆ ಊರಾಚೆ ಇಟ್ಟವರ ಪಾಡು ಕೇಳಬೇಕೆ? 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಟ್ಟ ಪುಸ್ತಕದಲ್ಲಿ ಈ ಸಾಲುಗಳೂ ಇದ್ದವು.

ಪುಸ್ತಕ ಸುಟ್ಟರೂ ಅದರ ವ್ಯಾಕರಣ ಬಾಯಲ್ಲಿ ಉಳಿದಿದೆ. ಚೋಮನ ಧಣಿ ಸಂಕಪ್ಪಯ್ಯ. ಆ ಹೆಸರಿನೊಳಗೆ ಅಪ್ಪನೂ ಇದ್ದಾನೆ, ಅಯ್ಯನೂ ಇದ್ದಾನೆ. ಮೇಲೆ ‘ನವರು’ ಬೇರೆ ಸೇರುತ್ತದೆ. ಚೋಮನಿಗೆ ವಾರ ಬಿಟ್ಟರೆ ಬೇರೇನೂ ಇಲ್ಲ. ಮುದುಕನಾದರೂ ಚೋಮನೇ, ಐದು ಮಕ್ಕಳ ತಂದೆಯಾದರೂ ಚೋಮನೇ. ಅವನನ್ನು ‘ಚೋಮಪ್ಪ’ ಅಂದಿದ್ದರೆ ಆ ಊರಿನ ಗಂಟೇನು ಹೋಗುತ್ತಿತ್ತು? ಹೋಗುತ್ತಿತ್ತು. ಅಪ್ಪ ಅಂದವನಿಗೆ ಉಳಲು ನೆಲ ಇಲ್ಲ ಎನ್ನುವುದು ಸ್ವಲ್ಪ ಕಷ್ಟ. ಹನ್ನೆರಡನೆಯ ಶತಮಾನದ ಶರಣರಿಗೆ ಈ ಗುಟ್ಟು ಗೊತ್ತಿತ್ತು. ಚಪ್ಪಲಿ ಹೊಲಿಯುವವನು ಹರಳಯ್ಯನಾದ, ಚೆನ್ನ ಚೆನ್ನಯ್ಯನಾದ. ಹಿಂದಿನ ‘ಮಾದಾರ’ ಮಾತ್ರ ಹೋಗಲಿಲ್ಲ.

ಚೋಮನ ಹೆಸರನ್ನು ಕಾದಂಬರಿಯ ಹಣೆಯ ಮೇಲೆ ಬರೆದದ್ದು 1933ರ ಕಾಲಕ್ಕೆ ಸಣ್ಣ ಕೆಲಸವಲ್ಲ. ಆ ಋಣವನ್ನು ನಾವು ಒಪ್ಪುತ್ತೇವೆ. ಆದರೆ ವಿಮರ್ಶೆ ಮಾಡಿದ್ದೇನು? ಚೋಮನನ್ನು ಮರುಕದ ಪ್ರತೀಕ ಮಾಡಿತು. ಹೆಸರಿನಲ್ಲಿದ್ದ ದಿನವನ್ನು, ಆ ದಿನವನ್ನು ನೆನಪಿಟ್ಟ ತಾಯಿಯನ್ನು ಕಾಣಲಿಲ್ಲ. ಕೇರಿಯೊಳಗಿಂದ ಬಂದ ಬರಹದಲ್ಲಿ ಇದು ಬದಲಾಯಿತು. ದೇವನೂರ ಮಹಾದೇವರ ‘ದ್ಯಾವನೂರು’ 1973ರಲ್ಲಿ ಬಂತು. ಅದರಲ್ಲಿರುವ ಅಮಾಸನದೂ ದಿನದ ಹೆಸರೇ. ಅಮಾವಾಸ್ಯೆಯ ಆಡುಮಾತು ಅದು. ಪಂಚಾಂಗದವರು ಬೆಚ್ಚುವ ದಿನ. ಆದರೆ ಆ ಹುಡುಗ ಮಾರಿಹಬ್ಬದಲ್ಲಿ ಹುಲಿಯಾಗಿ ಕುಣಿಯುತ್ತಾನೆ. ಓದುವವರು ಅಯ್ಯೋ ಪಾಪ ಅನ್ನುವುದಿಲ್ಲ, ಕಣ್ಣು ಅಗಲಿಸಿ ನೋಡುತ್ತಾರೆ.

ಈಗ ನಮ್ಮ ಹುಡುಗರು ಹೆಸರು ಬದಲಿಸುತ್ತಿದ್ದಾರೆ. ಐತನ ಮೊಮ್ಮಗ ಆದಿತ್ಯ. ಇದನ್ನು ಕಂಡು ‘ಎಂಥ ಚೆಂದದ ಜಾನಪದ ಹೆಸರು ಬಿಟ್ಟರಲ್ಲ’ ಎಂದು ಕೊರಗುವ ಸಾಹಿತಿಗಳಿದ್ದಾರೆ. ಅವರು ತಮ್ಮ ಮಗನಿಗೆ ತುಕ್ರ ಎಂದು ಇಟ್ಟು ಆಮೇಲೆ ಮಾತಾಡಲಿ. ಬಾಡಿಗೆ ಮನೆ ಕೇಳಲು ಹೋದಾಗ, ಸಂದರ್ಶನಕ್ಕೆ ಕೂತಾಗ, ಹೆಸರೇ ಜಾತಿ ಸರ್ಟಿಫಿಕೇಟ್ ಆಗುವ ನಾಡಿನಲ್ಲಿ ಅದನ್ನು ಬಿಡುವುದು ಆ ಹುಡುಗನ ಹಕ್ಕು. ಉಳಿಸಿಕೊಳ್ಳುವುದೂ ಅವನ ಹಕ್ಕೇ. ಯಾವುದನ್ನೂ ಅವನ ಪರವಾಗಿ ಬೇರೆಯವರು ತೀರ್ಮಾನಿಸಬಾರದು. ಗುಂಪಿನ ಹೆಸರಿಗೂ ಇದೇ ಮಾತು. 1938ರಲ್ಲಿ ಬೊಂಬಾಯಿಯ ಶಾಸನಸಭೆ ‘ಹರಿಜನ’ ಎಂಬ ಹೆಸರನ್ನು ಕಾನೂನಿಗೆ ಸೇರಿಸಹೊರಟಾಗ ಅಂಬೇಡ್ಕರರೂ ಅವರ ಪಕ್ಷದವರೂ ಸಭೆಯಿಂದ ಎದ್ದು ಹೊರನಡೆದರು. ಹೆಸರು ಎಷ್ಟು ಸಿಹಿಯಾಗಿದೆ ಎಂಬುದು ಅಲ್ಲಿ ಪ್ರಶ್ನೆಯಾಗಿರಲಿಲ್ಲ. ಕರೆಸಿಕೊಳ್ಳುವವರನ್ನು ಯಾರು ಕೇಳಿದರು ಎಂಬುದು ಪ್ರಶ್ನೆಯಾಗಿತ್ತು.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತಿದೆ. ಮಗುವನ್ನು ಶಾಲೆಗೆ ಸೇರಿಸುವಾಗ ದಾಖಲಾತಿ ಪುಸ್ತಕ ನಿಮ್ಮ ಕೈಯಲ್ಲಿರುತ್ತದೆ. ‘ಇದೆಂಥ ಹೆಸರು, ಚೆಂದದ್ದು ಒಂದು ಹೇಳಮ್ಮ’ ಅನ್ನಬೇಡಿ. ನೀವೇ ತಿದ್ದಿ ಬರೆಯಬೇಡಿ. ತಾಯಿ ಹೇಳಿದ್ದನ್ನು ಬರೆಯಿರಿ, ಯಾಕೆ ಆ ಹೆಸರಿಟ್ಟಿರಿ ಎಂದು ಪ್ರೀತಿಯಿಂದ ಕೇಳಿ. ಹಾಜರಿ ಕೂಗುವಾಗ ಒಬ್ಬನನ್ನು ‘ಸೋಮಶೇಖರ’ ಎಂದೂ ಇನ್ನೊಬ್ಬನನ್ನು ‘ಏನ್ಲಾ ಚೋಮ’ ಎಂದೂ ಕೂಗಬೇಡಿ. ಪಾಠಕ್ಕೆ ‘ಚೋಮನ ದುಡಿ’ ಬಂದ ದಿನ ಮಕ್ಕಳಿಗೆ ವಾರದ ಏಳು ಹೆಸರುಗಳನ್ನೂ ಹೇಳಿಕೊಡಿ. ಕೋಫಿಯನ್ನೂ ಕಡ್ಜೋನನ್ನೂ ಹೇಳಿಕೊಡಿ. ಹಿಂದಿನ ಬೆಂಚಿನಲ್ಲಿ ತನ್ನ ಅಜ್ಜನ ಹೆಸರು ಹೇಳಲು ನಾಚುವ ಒಬ್ಬ ಹುಡುಗನಾದರೂ ಅಂದು ಕೈ ಎತ್ತಿ ಗಟ್ಟಿಯಾಗಿ ಹೇಳಲಿ.