ಹಾಳೆಯ ಮೇಲಿನ ಜರ್ಸಿ, ಐಸ್ ಮೇಲಿನ ಜರ್ಸಿ

2007ರಲ್ಲಿ ವ್ಯಾಂಕೂವರ್ ಕನಕ್ಸ್ ಐಸ್ ಹಾಕಿ ತಂಡ ತನ್ನ ಜರ್ಸಿಯ ಎದೆಯಲ್ಲಿ, ಓರ್ಕಾ ತಿಮಿಂಗಿಲದ ಲಾಂಛನದ ನೆತ್ತಿಯ ಮೇಲೆ, ಊರಿನ ಹೆಸರನ್ನು ಕಮಾನಿನಂತೆ ಬರೆಸಿತು. ತಿಮಿಂಗಿಲಕ್ಕೆ ಉಸಿರುಕಟ್ಟಿಸುವ ಹಾಗಿದ್ದ ಆ ಅಕ್ಷರಗಳನ್ನು ಅಭಿಮಾನಿಗಳು ತಾವು ಬಿಡಿಸಿದ ಜರ್ಸಿಗಳಲ್ಲಿ ಮತ್ತೆ ಮತ್ತೆ ಅಳಿಸಿದರು. 2019ರಲ್ಲಿ, ಐವತ್ತನೆಯ ಸೀಸನ್‌ಗೆ, ತಂಡವೂ ಅದನ್ನು ತೆಗೆಯಿತು. ಆಡಳಿತಕ್ಕೆ ಹನ್ನೆರಡು ವರ್ಷ ಹಿಡಿದ ತೀರ್ಮಾನ ಹವ್ಯಾಸಿಗಳ ಕಣ್ಣಿಗೆ ಮೊದಲೇ ಹೊಳೆದಿತ್ತು.

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಈಗ 32 ತಂಡಗಳಿವೆ. ಯಾರೂ ಕೇಳದಿದ್ದರೂ, ಕಾಸು ಹುಟ್ಟದಿದ್ದರೂ ಈ ತಂಡಗಳ ಸಮವಸ್ತ್ರವನ್ನು ತಿದ್ದಿ ಬರೆಯುವವರ ದೊಡ್ಡ ಬಳಗವೇ ಕೆನಡಾ, ಅಮೆರಿಕಗಳಲ್ಲಿದೆ. ತಮ್ಮ ಚಿತ್ರಗಳನ್ನು ಅವರು ಕಾನ್ಸೆಪ್ಟ್ ಎನ್ನುತ್ತಾರೆ. ಜರ್ಸಿಯ ಮುಂಭಾಗ, ಹಿಂಭಾಗ, ಜೊತೆಗೆ ಹೆಲ್ಮೆಟ್, ಗ್ಲೌಸ್, ಚಡ್ಡಿ, ಸಾಕ್ಸ್, ಎಲ್ಲವೂ ಒಂದೇ ಹಾಳೆಯಲ್ಲಿ, ಒಂದು ಸುಕ್ಕೂ ಇಲ್ಲದೆ. ಇದನ್ನು ಕಾಲಕ್ಷೇಪವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಇದು ಚಿತ್ರದಲ್ಲಿ ನಡೆಯುವ ವಿಮರ್ಶೆ. ಮೆತ್ತಿದ್ದನ್ನು ಕೆರೆದು ತೆಗೆಯುವಾಗ, ಕಳೆದುಹೋದದ್ದನ್ನು ಮರಳಿ ತರುವಾಗ ಈ ಪರಂಪರೆ ಬಲು ಗಟ್ಟಿ. ಹೊಸದನ್ನು ಹುಟ್ಟಿಸಹೊರಟಾಗ ಎಡವಿದ್ದೇ ಹೆಚ್ಚು.

ಅದೇ 2007ರಲ್ಲಿ ರೀಬಾಕ್ ಕಂಪನಿ ಇಡೀ ಲೀಗಿಗೆ ಮೈಗೆ ಹತ್ತುವ ಹೊಸ ಕಟ್ಟಿನ ಜರ್ಸಿ ತಂದಿತು. ಆಗ ಹಲವು ತಂಡಗಳ ಸೊಂಟದ ಅಡ್ಡಪಟ್ಟಿ ಹೋಯಿತು. ಟೊರಾಂಟೊ ಮೇಪಲ್ ಲೀಫ್ಸ್‌ನಂಥ ಹಳೆಯ ತಂಡದ ಜರ್ಸಿ ಕೂಡ ಅಂಚು ಕಿತ್ತ ಇಳಕಲ್ ಸೀರೆಯ ಹಾಗೆ ಕಂಡಿತು. ಕೊಲರಾಡೊ ಅವಲಾಂಚ್ ಜರ್ಸಿಯ ಕೆಳಗಿದ್ದ ಬೆಟ್ಟಸಾಲಿನ ಅಂಕುಡೊಂಕು ಅಳಿಸಿ, ಉದ್ದುದ್ದ ತೆಳು ಗೀಟುಗಳು ಬಂದವು. ಅಡ್ಡಪಟ್ಟಿ ಬರೀ ಅಲಂಕಾರವಲ್ಲ. 200 ಅಡಿ ಉದ್ದ, 85 ಅಡಿ ಅಗಲದ ರಿಂಕ್‌ನಲ್ಲಿ ಆಟಗಾರ ಸದಾ ಮುಂದಕ್ಕೆ ಬಾಗಿರುತ್ತಾನೆ. ಎದೆಯ ಲಾಂಛನ ಮಡಿಚಿಕೊಳ್ಳುತ್ತದೆ, ಸ್ಟಿಕ್ ಹಿಡಿದ ಕೈಗಳ ಹಿಂದೆ ಮರೆಯಾಗುತ್ತದೆ. ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕೂತವರಿಗೆ ಕಾಣುವುದು ಜರ್ಸಿಯ ಬಣ್ಣ, ತೋಳಿನ ಪಟ್ಟಿ, ಸೊಂಟದ ಪಟ್ಟಿ, ಸಾಕ್ಸಿನ ಪಟ್ಟಿ. ಮಾಂಟ್ರಿಯಲ್ ಕೆನೇಡಿಯನ್ಸ್‌ನ ಕೆಂಪು ಜರ್ಸಿಯ ಎದೆ, ತೋಳುಗಳನ್ನು ಸುತ್ತುವರಿಯುವ ನೀಲಿ ಪಟ್ಟಿಯನ್ನು ಯಾವ ಕೋನದಿಂದ ನೋಡಿದರೂ ಗುರುತು ತಪ್ಪುವುದಿಲ್ಲ. ಪಟ್ಟಿಯ ಈ ಬೆಲೆಯನ್ನು ಅಭಿಮಾನಿ ಚಿತ್ರಕಾರರು ಅರಿತಿದ್ದರು, ಬಿಡದೆ ಅದನ್ನು ಬರೆಯುತ್ತ ಬಂದರು. ಟೊರಾಂಟೊಗೆ ಪಟ್ಟಿ 2010ರಲ್ಲಿ ಮರಳಿತು, ಕೊಲರಾಡೊಗೆ ಬೆಟ್ಟ 2017ರಲ್ಲಿ.

ಬಫಲೊ ಸೇಬರ್ಸ್ ಕತೆ ಇನ್ನೂ ದೊಡ್ಡದು. 1970ರಲ್ಲಿ ಹುಟ್ಟಿದ ತಂಡದ ಬಣ್ಣ ಉಜ್ವಲ ನೀಲಿ ಮತ್ತು ಹೊನ್ನು. ಲಾಂಛನ, ಎರಡು ಕತ್ತಿಗಳ ಮೇಲೆ ಜಿಗಿಯುವ ಕಾಡೆಮ್ಮೆ. 1996ರಲ್ಲಿ ತಂಡ ಕಪ್ಪು, ಕೆಂಪಿಗೆ ಹೋಯಿತು. 2006ರಲ್ಲಿ ಬಂದ ಕಾಲಿಲ್ಲದ ಬಾಗಿದ ಆಕೃತಿಯನ್ನು ಊರಿನ ಜನ ಬಸವನಹುಳು ಎಂದು ಹಂಗಿಸಿದರು, ಅದರ ವಿರುದ್ಧ ಸಹಿ ಸಂಗ್ರಹಿಸಿದರು. 2010ರಲ್ಲಿ ಕತ್ತಿಗಳು ಬಂದವು, ಆದರೆ ಕಡುನೀಲಿಯ ಮೇಲೆ. ಅಭಿಮಾನಿಗಳ ಹಠ ಅಲ್ಲಿಗೆ ನಿಲ್ಲಲಿಲ್ಲ. ಬಿಳಿ ಐಸ್ ಮೇಲೆ ದೂರದಿಂದ ಕಡುನೀಲಿ ಕಪ್ಪಾಗಿ ಕಾಣುತ್ತದೆ, ಹೊನ್ನು ಅದರೊಳಗೆ ಮಂಕಾಗುತ್ತದೆ. ಹಳೆಯ ನೀಲಿಯ ಪಕ್ಕದಲ್ಲಾದರೆ ಅದೇ ಹೊನ್ನು ಉರಿಯುತ್ತದೆ. 2020ರಲ್ಲಿ ತಂಡ ಆ ನೀಲಿಗೆ ಮರಳಿತು. ಒಂದು ಬಣ್ಣದ ಛಾಯೆಗಾಗಿ ಇಷ್ಟು ವರ್ಷ ಬಿಡದೆ ಬರೆದದ್ದನ್ನು ನಾನು ದೊಡ್ಡ ಕೆಲಸವೆಂದೇ ಎಣಿಸುತ್ತೇನೆ.

ಇದೇ ಕೈಗಳು ಸ್ವಂತ ಲಾಂಛನ ರಚಿಸಹೊರಟಾಗ ಏನಾಗುತ್ತದೆ? ಹಲ್ಲು ಕಿರಿದ ಪ್ರಾಣಿ, ಮೇಲೆ ನಾಲ್ಕಾರು ನೆರಳು, ಭುಜಕ್ಕೊಂದು ನಕ್ಷೆ, ಕಾಲರ್ ಒಳಗೊಂದು ಘೋಷಣೆ. ಹಾಳೆಯ ಮೇಲೆ ನೋಡಿದರೆ ಸೊಗಸು. ಟಿವಿ ಕ್ಯಾಮೆರಾದ ಎತ್ತರಕ್ಕೆ ಇದರಲ್ಲಿ ಒಂದೂ ದಕ್ಕುವುದಿಲ್ಲ. 1979ರಲ್ಲಿ ಪೀಟರ್ ಗುಡ್ ಹಾರ್ಟ್‌ಫರ್ಡ್ ವೇಲರ್ಸ್ ತಂಡಕ್ಕೆ ಮಾಡಿದ ಲಾಂಛನವನ್ನು ನೋಡಿ: ಕೆಳಗೆ ಹಸಿರು ಡಬ್ಲ್ಯೂ, ಮೇಲೆ ನೀಲಿ ತಿಮಿಂಗಿಲದ ಬಾಲ, ಎರಡರ ನಡುವಿನ ಖಾಲಿ ಜಾಗದಲ್ಲಿ ಬರೆಯದೆಯೇ ಮೂಡಿದ ಎಚ್. ತಂಡ 1997ರಲ್ಲೇ ನಾರ್ತ್ ಕ್ಯಾರೊಲಿನಾಕ್ಕೆ ಹೋಯಿತು. ಅಭಿಮಾನಿಗಳು ಇಂದಿಗೂ ಅದನ್ನು ಬರೆಯುತ್ತಾರೆ; ಆದರೆ ಬಾಲಕ್ಕೊಂದು ಗೆರೆ, ಅಂಚಿಗೊಂದು ಬೆಳ್ಳಿ ಬಣ್ಣ ಸೇರಿಸಿದಾಗಲೆಲ್ಲ ಆ ಎಚ್ ದುರ್ಬಲವಾಗುತ್ತದೆ.

ಹಳತಿನ ಮೋಹವೂ ಒಂದು ತೊಡಕು. ಬಹುಪಾಲು ಚಿತ್ರಗಳು ಎಂಬತ್ತು, ತೊಂಬತ್ತರ ದಶಕಗಳ ಆಚೆಗೆ ಹೋಗುವುದಿಲ್ಲ. ಆಗ ಲೀಗಿಗೆ ಜರ್ಸಿ ತಯಾರಿಸುತ್ತಿದ್ದ ಅಡಿಡಾಸ್ ಇದನ್ನು ಚೆನ್ನಾಗಿ ಗ್ರಹಿಸಿ 2020-21ರಲ್ಲಿ ಎಲ್ಲ ತಂಡಗಳಿಗೂ ರಿವರ್ಸ್ ರೆಟ್ರೊ ಜರ್ಸಿ ಮಾಡಿತು. 1995ರಲ್ಲಿ ಕ್ವಿಬೆಕ್ ನಾರ್ಡಿಕ್ಸ್ ಡೆನ್ವರ್‌ಗೆ ಹೋಗಿ ಅವಲಾಂಚ್ ಆಗಿತ್ತು. ಈ ಸರಣಿಯಲ್ಲಿ ಅದೇ ಅವಲಾಂಚ್ ತನ್ನ ಬಣ್ಣಗಳಲ್ಲಿ ನಾರ್ಡಿಕ್ಸ್ ವಿನ್ಯಾಸ ತೊಟ್ಟಿತು. ಹಳೆಯ ವಿನ್ಯಾಸಕ್ಕೆ ಬೇರೆ ಬಣ್ಣ ಹಾಕಿ ನೋಡುವ ಅಭಿಮಾನಿಗಳ ಆಟ ಹೀಗೆ ಅಂಗಡಿಯ ಸರಕಾಯಿತು. 2022-23ರಿಂದ ಜರ್ಸಿಯ ಮೇಲೆ 3 ಇಂಚು ಎತ್ತರ, 3.5 ಇಂಚು ಅಗಲದ ಜಾಹೀರಾತಿಗೂ ಲೀಗ್ ಅವಕಾಶ ಕೊಟ್ಟಿದೆ. ಚಿತ್ರಗಳಲ್ಲಿ ಆ ತುಂಡು ಕಾಣುವುದು ಅಪರೂಪ. ಈ ನಿರಾಕರಣೆ ನನಗೆ ಇಷ್ಟ.

ನಿಜವಾದ ಪರೀಕ್ಷೆ ಇರುವುದು ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಜರ್ಸಿಯಲ್ಲಿ. 1832ರಲ್ಲಿ ತನ್ನ ಜನರ ನೆಲಕ್ಕಾಗಿ ಹೋರಾಡಿದವನು ಸಾಕ್ ಎಂಬ ಮೂಲನಿವಾಸಿ ಸಮುದಾಯದ ಮುಖಂಡ ಬ್ಲ್ಯಾಕ್ ಹಾಕ್. ಅವನ ಹೆಸರು ಹೊತ್ತ ಸೇನಾ ವಿಭಾಗದಿಂದ 1926ರಲ್ಲಿ ತಂಡಕ್ಕೆ ಹೆಸರು ಬಂತು. ಮೂಲನಿವಾಸಿಯ ಮುಖ ಲಾಂಛನವಾಗಿ ಎದೆಯ ಮೇಲೆ ಇಂದಿಗೂ ಇದೆ. 2020ರಲ್ಲಿ ತಂಡ ತನ್ನ ಕ್ರೀಡಾಂಗಣದಲ್ಲಿ ಪ್ರೇಕ್ಷಕರು ಗರಿಯ ಶಿರೋವೇಷ್ಟನ ತೊಡುವುದನ್ನು ನಿಷೇಧಿಸಿತು, ಲಾಂಛನವನ್ನು ಉಳಿಸಿಕೊಂಡಿತು. ಅಭಿಮಾನಿ ಚಿತ್ರಕಾರರ ಸಾಮಾನ್ಯ ಉತ್ತರ, ಮುಖ ತೆಗೆದು ಗಿಡುಗ ಇಡುವುದು. ಅದು ಸುಲಭದ ದಾರಿ: ವ್ಯಂಗ್ಯಚಿತ್ರದ ಜೊತೆಗೆ ಆ ಮನುಷ್ಯನ ನೆನಪೂ ಅಳಿಯುತ್ತದೆ. ಭುಜದ ಮೇಲಿನ ಅಡ್ಡ ಕೊಡಲಿಗಳನ್ನು ಹಾಗೇ ಬಿಟ್ಟರಂತೂ ಕೆಲಸ ಅರ್ಧವೂ ಆಗಿಲ್ಲ. ಕೆಂಪು ಜರ್ಸಿ, ತೋಳಿಗೂ ಸೊಂಟಕ್ಕೂ ಕಪ್ಪು, ಬಿಳಿ, ಕಪ್ಪು ಪಟ್ಟಿಗಳು: ಇಷ್ಟಿದ್ದರೆ ಎದೆ ಖಾಲಿಯಿದ್ದರೂ ಅದು ಶಿಕಾಗೊ ಎಂದು ಮೇಲಿನ ಸಾಲಿನವರಿಗೂ ತಿಳಿಯುತ್ತದೆ. ಪಟ್ಟಿಗಳ ಪರವಾಗಿ ಇಷ್ಟು ಕಾಲ ಬರೆದವರು ಮೊದಲು ಅಲ್ಲಿಂದ ಶುರುಮಾಡಬಹುದು. ಎದೆಯ ಮೇಲೆ ಏನಿರಬೇಕೆಂದು ಸಾಕ್ ಜನರನ್ನೇ ಕೇಳಬಹುದು.