ಮಾರಿಯೋ ಬಾಸುಕೆ ತ್ರೀ ಆನ್ ತ್ರೀ: ಒಂದು ಪದವ್ಯಾಖ್ಯಾನ

ಮೂಲವು ಇಷ್ಟೇ: ‘ಮಾರಿಯೋ ಬಾಸುಕೆ ತ್ರೀ ಆನ್ ತ್ರೀ’. ಇದು 2006ರ ಜುಲೈನಲ್ಲಿ ಜಪಾನಿನಲ್ಲಿ ಹೊರಬಂದ ವಿಡಿಯೋ ಗೇಮ್ ಒಂದರ ಹೆಸರು. ಆಡುವ ಸಾಧನ ನಿಂಟೆಂಡೊ ಡಿಎಸ್, ಅಂದರೆ ಎರಡು ತೆರೆಗಳುಳ್ಳ, ಅಂಗೈಯಲ್ಲಿ ಹಿಡಿಯಬಹುದಾದ ಯಂತ್ರ. ಅದೇ ಆಟ ಸೆಪ್ಟೆಂಬರಿನಲ್ಲಿ ಅಮೆರಿಕವನ್ನೂ 2007ರ ಫೆಬ್ರವರಿಯಲ್ಲಿ ಯುರೋಪನ್ನೂ ಬೇರೆ ಬೇರೆ ಹೆಸರು ತಳೆದು ಸೇರಿತು. ಅಲ್ಲಿಯವರೆಗೆ ಕಾಯಲೊಲ್ಲದವರಿಗೆ ಇದ್ದ ದಾರಿ ಒಂದೇ, ಈ ಆಟವಿರುವ ಜಪಾನಿನ ಕಾರ್ಡನ್ನೇ ತರಿಸಿಕೊಳ್ಳುವುದು. ಆ ಕಾರ್ಡಿನ ಹೆಸರನ್ನು ಪದಕ್ರಮದಲ್ಲಿ ಬಿಡಿಸುವುದು ಇಲ್ಲಿನ ಉದ್ದೇಶ.

‘ಮಾರಿಯೋ’ ಎಂಬುದು ಮೊದಲ ಪದ. ಕೆಂಪು ಟೋಪಿ, ದಪ್ಪ ಮೀಸೆಯ ಈ ನಾಯಕ 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಮೊದಲು ಕಾಣಿಸಿಕೊಂಡಾಗ ಅವನ ಮುಖ್ಯ ವಿದ್ಯೆ ಉರುಳಿಬರುವ ಪೀಪಾಯಿಗಳ ಮೇಲಿಂದ ನೆಗೆಯುವುದು. ಬುಟ್ಟಿಯನ್ನು ಮೇಲೆ ಕಟ್ಟಿ ಚೆಂಡನ್ನು ಅದರೊಳಕ್ಕೆ ಬೀಳಿಸುವ ಕ್ರೀಡೆಗೆ ನೆಗೆತಗಾರನೇ ತಕ್ಕವನು. ಆದುದರಿಂದ ಈ ಪದ ಅಲಂಕಾರಕ್ಕಾಗಿ ಬಂದದ್ದಲ್ಲ, ಅರ್ಥಕ್ಕೆ ಬೇಕಾಗಿಯೇ ಬಂದದ್ದು.

‘ಬಾಸುಕೆ’ ಎಂದರೆ ಬಾಸ್ಕೆಟ್‌ಬಾಲ್. ಜಪಾನೀಯರು ದಿನಬಳಕೆಯ ಮಾತಿನಲ್ಲಿ ಮೊಟಕುಗೊಳಿಸಿದ ರೂಪ. ಕ್ರೀಡೆ ಹಳೆಯದಾದರೂ ಆಡುವ ಬಗೆ ಇಲ್ಲಿ ಹೊಸದು, ಆದುದರಿಂದ ಸ್ವಲ್ಪ ನಿಂತು ನೋಡಬೇಕು. ಯಂತ್ರದ ಕೆಳತೆರೆಯು ಸ್ಪರ್ಶವನ್ನು ಅರಿಯುತ್ತದೆ. ಸ್ಟೈಲಸ್ ಎಂಬ ಸಣ್ಣ ಕಡ್ಡಿಯಿಂದ ಅದನ್ನು ತಟ್ಟಿದರೆ ಚೆಂಡು ನೆಲಕ್ಕೆ ಬಿದ್ದು ಪುಟಿಯುತ್ತದೆ. ಕಡ್ಡಿಯನ್ನು ಮೇಲ್ಮುಖವಾಗಿ ಎಳೆದರೆ ಚೆಂಡು ಬುಟ್ಟಿಯತ್ತ ಹಾರುತ್ತದೆ. ಪಕ್ಕಕ್ಕೆ ಎಳೆದರೆ ಜತೆಗಾರನ ಕೈ ಸೇರುತ್ತದೆ. ಒಂದು ಕೈ ಆಟಗಾರನನ್ನು ಓಡಿಸುತ್ತಿರಲು ಇನ್ನೊಂದು ಕೈ ಚೆಂಡನ್ನು ನಡೆಸುತ್ತದೆ. ಅಂಗಳದ ಅಲ್ಲಲ್ಲಿ ಪ್ರಶ್ನಚಿಹ್ನೆಯ ಫಲಕಗಳಿವೆ. ಅವುಗಳ ಮೇಲೆ ಚೆಂಡನ್ನು ಪುಟಿಸಿದರೆ ನಾಣ್ಯಗಳು ಚಿಮ್ಮುತ್ತವೆ. ಆದರೆ ಆ ನಾಣ್ಯಗಳು ಅಂಕಗಳಾಗುವುದು ಚೆಂಡು ಬುಟ್ಟಿಯೊಳಗೆ ಬಿದ್ದಾಗ ಮಾತ್ರ. ಅದಕ್ಕೆ ಮುನ್ನ ಎದುರಾಳಿ ಚೆಂಡನ್ನು ಕಸಿದರೆ ಕೂಡಿಟ್ಟದ್ದು ನೆಲಕ್ಕೆ ಚೆಲ್ಲುತ್ತದೆ. ಇನ್ನೊಂದಿಷ್ಟು ಪುಟಿಸೋಣವೇ, ಈಗಲೇ ಎಸೆಯೋಣವೇ ಎಂಬ ತೂಗಾಟದಲ್ಲಿಯೇ ಈ ಆಟದ ಸ್ವಾರಸ್ಯವೆಲ್ಲ ಇದೆ. ಬಾಳೆಸಿಪ್ಪೆ, ಆಮೆಚಿಪ್ಪುಗಳಂತಹ ಎಸೆತದ ವಸ್ತುಗಳು ಇದಕ್ಕೆ ಸೇರಿದ ಉಪಾಂಗಗಳು.

‘ತ್ರೀ ಆನ್ ತ್ರೀ’ ಎಂದರೆ ಮೂವರಿಗೆ ಮೂವರು. ಪೂರ್ಣ ಬಾಸ್ಕೆಟ್‌ಬಾಲಿನಲ್ಲಿ ಒಂದು ಕಡೆಗೆ ಐವರು. ಅಂಗೈಯಗಲದ ತೆರೆಗೆ ಹತ್ತು ಮಂದಿ ಹೆಚ್ಚು, ಆರು ಮಂದಿ ಹಿತ.

ಹೆಸರು ಇಲ್ಲಿಗೆ ಮುಗಿಯಿತು, ಅರ್ಥ ಮುಗಿಯಲಿಲ್ಲ. ಶಾಸ್ತ್ರಕಾರರು ಅಧ್ಯಾಹಾರ ಎನ್ನುವುದುಂಟು. ಬಾಯಿಬಿಟ್ಟು ಹೇಳದ ಪದವನ್ನು ಸಂದರ್ಭದಿಂದ ತಂದು ತುಂಬಿಕೊಳ್ಳುವುದು ಎಂದರ್ಥ. ಇಲ್ಲಿ ತುಂಬಿಕೊಳ್ಳಬೇಕಾದದ್ದು ಅತಿಥಿಗಳ ಹೆಸರು. ಈ ಆಟವನ್ನು ರೂಪಿಸಿದ್ದು ಸ್ಕ್ವೇರ್ ಎನಿಕ್ಸ್, ಅಂದರೆ ‘ಫೈನಲ್ ಫ್ಯಾಂಟಸಿ’ ಕಥಾಮಾಲೆಯ ಮನೆ. ಆ ಮನೆಯಿಂದ ಐವರು ಮಾರಿಯೋನ ಅಂಗಳಕ್ಕಿಳಿದಿದ್ದಾರೆ: ನಿಂಜಾ, ಬಿಳಿ ಮಾಂತ್ರಿಕೆ, ಕಪ್ಪು ಮಾಂತ್ರಿಕ, ಮೋಗುರಿ, ಸಾಬೊಟೆಂಡರ್. ಬಿಳಿ ಮಾಂತ್ರಿಕೆ ಗಾಯ ಮಾಯಿಸುವವಳು. ಬಿಳಿಯ ಕುಲಾವಿಯ ಅಂಚಿನಲ್ಲಿ ಕೆಂಪು ತ್ರಿಕೋನಗಳ ಸಾಲು. ಕಪ್ಪು ಮಾಂತ್ರಿಕ ಬೆಂಕಿ, ಹಿಮ, ಸಿಡಿಲುಗಳ ಒಡೆಯ. ಚೂಪು ಟೋಪಿಯ ನೆರಳಿನಲ್ಲಿ ಮುಖ ಮರೆಯಾಗಿ ಕಣ್ಣೆರಡು ಮಾತ್ರ ಹೊಳೆಯುತ್ತವೆ. ಮೋಗುರಿ ನೆತ್ತಿಯ ಮೇಲೆ ಕೆಂಪು ಉಂಡೆ ತೂಗಿಸಿಕೊಂಡ ಬಿಳಿಯ ಮೃದು ಪ್ರಾಣಿ. ಸಾಬೊಟೆಂಡರ್ ಓಡುವ ಭಂಗಿಯ ಕಳ್ಳಿಗಿಡ.

ಈ ಐವರೇ ಏಕೆ ಎಂದು ಕೇಳಬೇಕು. ಫೈನಲ್ ಫ್ಯಾಂಟಸಿ 1987ರಲ್ಲಿ ಹುಟ್ಟಿದ್ದು ನಿಂಟೆಂಡೊ ಯಂತ್ರದಲ್ಲಿ. 1996ರಲ್ಲಿ, ಆಗ ಸ್ಕ್ವೇರ್ ಎಂದಷ್ಟೇ ಹೆಸರಿದ್ದ ಆ ಸಂಸ್ಥೆ ‘ಸೂಪರ್ ಮಾರಿಯೋ ಆರ್‌ಪಿಜಿ’ಯನ್ನೂ ಮಾಡಿತು. ಮರುವರ್ಷವೇ ಕಥಾಮಾಲೆಯ ಏಳನೆಯ ಭಾಗ ಸೋನಿಯ ಪ್ಲೇಸ್ಟೇಷನ್‌ನಲ್ಲಿ ಹೊರಬಂದು ಎರಡು ಮನೆಗಳ ನಂಟು ಸಡಿಲಿತು. ಮತ್ತೆ ಬೆಸೆದದ್ದು 2003ರ ಹೊತ್ತಿಗೆ. ಈಗ ಅತಿಥಿಗಳ ಹುಟ್ಟನ್ನು ಗಮನಿಸಬೇಕು: ಮಾಂತ್ರಿಕರಿಬ್ಬರೂ ನಿಂಜಾನೂ 1987ರ ಮೊದಲ ಆಟದವರು, ಮೋಗುರಿ 1990ರ ಮೂರನೆಯ ಆಟದ್ದು, ಸಾಬೊಟೆಂಡರ್ 1994ರ ಆರನೆಯ ಆಟದ್ದು. ಏಳನೆಯ ಭಾಗದ ಜಗದ್ವಿಖ್ಯಾತ ನಾಯಕ ಕ್ಲೌಡ್ ಇವರ ನಡುವೆ ಇಲ್ಲ. ಬಂದವರೆಲ್ಲರೂ ಅಗಲಿಕೆಗೆ ಮುನ್ನ, ನಿಂಟೆಂಡೊ ಯಂತ್ರಗಳಲ್ಲಿ ಹುಟ್ಟಿದವರು. ಆದುದರಿಂದ ಇವರನ್ನು ಅತಿಥಿಗಳು ಎಂದದ್ದು ಮೇಲರ್ಥ. ತವರಿಗೆ ಮರಳಿದವರು ಎಂಬುದೇ ಒಳಅರ್ಥ. ಮೊದಲಿಗೆ ಇವರು ಆಯ್ಕೆಗೆ ಸಿಗುವುದಿಲ್ಲ. ಪಂದ್ಯಾವಳಿಗಳನ್ನು ಗೆದ್ದು ಒಬ್ಬೊಬ್ಬರನ್ನಾಗಿ ಪಡೆಯಬೇಕು.

ಇನ್ನುಳಿದದ್ದು ಭಾಷೆಯ ಸಂಗತಿ. ಈ ಡಿಎಸ್ ಕಾರ್ಡಿಗೆ ದೇಶದ ಬೀಗವಿಲ್ಲ. ಜಪಾನಿನ ಕಾರ್ಡು ಯಾವ ದೇಶದ ಯಂತ್ರದಲ್ಲಾದರೂ ನಡೆಯುತ್ತದೆ. ಅಕ್ಷರಗಳು ಮಾತ್ರ ಜಪಾನಿಯವು. ಕಟಕಾನಾ ಎಂಬ ಲಿಪಿಯ 46 ಮೂಲಾಕ್ಷರಗಳನ್ನು ಕಲಿತವರು ಮಾರಿಯೋ ಬಳಗದ ಹೆಸರುಗಳನ್ನು ತಾವೇ ಓದಿಕೊಳ್ಳಬಲ್ಲರು. ಅಷ್ಟೂ ಬಾರದವರಿಗೂ ತಟ್ಟುವುದು, ಎಳೆಯುವುದು ಕೈಗೆ ಬೇಗ ಹತ್ತುತ್ತದೆ. ಓದು ಬೇಕಾಗುವುದು ಆಟದ ನಡುವೆಯಲ್ಲ, ಪಂದ್ಯ ಆರಿಸಿಕೊಳ್ಳುವ ಪುಟಗಳಲ್ಲಿ. ಆ ಪುಟಗಳ ಮುಂದೆ ಎದೆಗುಂದಿ, ಐವರೂ ಕೈಸೇರುವ ಮುನ್ನ ಕಾರ್ಡನ್ನು ತೆಗೆದಿಡಬೇಡಿ.